ಗೇರಿಗೊಂದು ಗುಂಡಿ, ಗುಂಡಿಗೊಂದು ಗ್ರಹಚಾರ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ನವೆಂಬರ್ ಬಂತೆಂದರೆ ಜಿಂಕೆ ಬೇಟೆಯ ಕಾಲ. ಕಿತ್ತಳೆ ಬಣ್ಣದ ಅಂಗಿ ತೊಟ್ಟವರೆಲ್ಲ ಎಟಿವಿ ಎಂಬ ನಾಲ್ಕು ಚಕ್ರದ ಕಾಡುಗಾಡಿ ಏರಿ ಕಾಡಿನ ದಾರಿ ಹಿಡಿಯುತ್ತಾರೆ. ಗೇರ್ ಕೈಕೊಡುವುದಕ್ಕೂ ಅದೇ ಮುಹೂರ್ತ. ಎಂಜಿನ್ ಗುಡುಗುಡು ಎನ್ನುತ್ತಿದೆ, ಟ್ಯಾಂಕ್ ತುಂಬ ಪೆಟ್ರೋಲಿದೆ, ಗೇರ್ ಬದಲಿಸುವ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಗಿದೆ. ಗೇರಿನ ಸಂಖ್ಯೆ ಕಾಣಬೇಕಾದ ಪುಟ್ಟ ಪರದೆಯಲ್ಲಿ ಮಾತ್ರ ಅಡ್ಡಗೆರೆಗಳು ಮಿನುಗುತ್ತಿವೆ. ಬೇಟೆಗಾರ ಇಳಿದು ಚಕ್ರಕ್ಕೊಂದು ಒದೆ ಕೊಡುತ್ತಾನೆ. ರೋಗನಿದಾನದ ಮೊದಲ ಹಂತ ಅಲ್ಲಿಗೆ ಮುಗಿಯಿತು.

ಈ ಗುಂಡಿಭಾಗ್ಯ ಬಂದದ್ದು 1998ರಲ್ಲಿ, ಹೋಂಡಾದ ಫೋರ್‌ಮನ್ 450 ಇಎಸ್ ಗಾಡಿಯ ಜೊತೆ. ಅದಕ್ಕೆ ಮೊದಲು ಎಡಗಾಲಿನ ಲಿವರ್ ಇತ್ತು. ಕೆಸರು ಮೆತ್ತಿದ ದಪ್ಪ ಗಂಬೂಟಿನಲ್ಲಿ ಆ ಲಿವರ್ ಎತ್ತುವುದು ತ್ರಾಸ ಎಂಬುದೇನೂ ಸುಳ್ಳಲ್ಲ. ಆದರೆ ಬೂಟಿನ ತುದಿ ಒಂದೇ ಏಟಿಗೆ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಗುಂಡಿ, ಕಂಪ್ಯೂಟರ್, ಮೋಟಾರ್, ಆ್ಯಂಗಲ್ ಸೆನ್ಸರ್, ಗೇರ್ ಪೊಸಿಷನ್ ಸ್ವಿಚ್, ಇವುಗಳ ನಡುವೆ ಮಾರುದ್ದ ವೈರು, ವೈರಿಗೊಂದು ಕನೆಕ್ಟರ್. ಒಬ್ಬ ಜವಾನ ಮಾಡುತ್ತಿದ್ದ ಕೆಲಸಕ್ಕೆ ಇಡೀ ಇಲಾಖೆಯನ್ನೇ ತೆರೆದಂತಾಯಿತು.

ಕಂಪನಿಯವರು ಜಾಣರು. ಗುಂಡಿ ಕೊಟ್ಟ ಕೈಯಲ್ಲೇ ಸೀಟಿನಡಿಯ ಟೂಲ್ ಚೀಲದಲ್ಲಿ ಒಂದು ಕಬ್ಬಿಣದ ಹಿಡಿಯನ್ನೂ ಇಟ್ಟರು. ವಿದ್ಯುತ್ ಗೇರ್ ಬೀಳದಿದ್ದರೆ ಎಂಜಿನ್ನಿನಿಂದ ಹೊರಗೆ ಇಣುಕುವ ಶಾಫ್ಟಿಗೆ ಅದನ್ನು ಸಿಕ್ಕಿಸಿ ಕೈಯಿಂದಲೇ ಗೇರ್ ಬದಲಿಸಬಹುದು. ಇಷ್ಟು ಪ್ರಾಮಾಣಿಕವಾದ ತಪ್ಪೊಪ್ಪಿಗೆ ಯಾವ ಜಾಹೀರಾತಿನಲ್ಲೂ ಬರಲಿಲ್ಲ.

ಒಳಗೆ ನಡೆಯುವುದು ಇಷ್ಟೆ. ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರ್ ಮೋಟಾರಿಗೆ ಕರೆಂಟು ಬಿಡುತ್ತದೆ. ಮೋಟಾರ್ ನಾಲ್ಕಾರು ಹಲ್ಲುಚಕ್ರಗಳ ಮೂಲಕ ಗೇರ್ ಶಾಫ್ಟನ್ನು ತಿರುಗಿಸುತ್ತದೆ. ಅದೇ ಶಾಫ್ಟ್ ಮೊದಲು ಕ್ಲಚ್ ಬಿಡಿಸುತ್ತದೆ, ಆಮೇಲೆ ಗೇರ್ ತಳ್ಳುತ್ತದೆ. ಎಷ್ಟು ತಿರುಗಿತು ಎಂಬ ವರದಿ ಆ್ಯಂಗಲ್ ಸೆನ್ಸರಿನದು. ತಿರುಗಬೇಕಾದಷ್ಟು ತಿರುಗದಿದ್ದರೆ ಕಂಪ್ಯೂಟರ್ ಮುನಿಸಿಕೊಂಡು ಅಡ್ಡಗೆರೆ ತೋರಿಸಿ ಕೈಕಟ್ಟಿ ಕೂರುತ್ತದೆ. ತಿರುಗದೇ ಇದ್ದುದಕ್ಕೆ ಸೆನ್ಸರೇ ಕಾರಣವಾಗಬೇಕಿಲ್ಲ. ಬ್ಯಾಟರಿ ಸೊರಗಿರಬಹುದು, ಅರ್ತ್ ವೈರಿಗೆ ತುಕ್ಕು ಹಿಡಿದಿರಬಹುದು, ಕ್ಲಚ್ಚಿನ ಸ್ಕ್ರೂ ಕಾಲು ಸುತ್ತು ಆಚೀಚೆಯಾಗಿ ಮೋಟಾರ್ ತಿಣುಕುತ್ತಿರಬಹುದು.

ನಮ್ಮ ಬೇಟೆಗಾರನಿಗೆ ಇದೆಲ್ಲ ಬೇಡ. ಅವನಿಗೆ ಬೇಕಾದದ್ದು ಅಪರಾಧಿಯ ಹೆಸರು. ಪಕ್ಕದ ತೋಟದವನು ಬೇಲಿಯಾಚೆಯಿಂದಲೇ ತೀರ್ಪು ಕೊಡುತ್ತಾನೆ: “ಆ್ಯಂಗಲ್ ಸೆನ್ಸರು ಕಣೋ, ನನ್ನದಕ್ಕೂ ಹಾಗೇ ಆಗಿತ್ತು.” ಸೆನ್ಸರ್ ಬರುತ್ತದೆ, ಗೇರ್ ಬರುವುದಿಲ್ಲ. ಹಾಗಾದರೆ ಮೋಟಾರೇ ಹೋಗಿದೆ ಎಂದು ಅದನ್ನೂ ತರಿಸುತ್ತಾನೆ. ಹೊಸ ಮೋಟಾರ್ ಹಳೆಯದರ ಹಾಗೆಯೇ ಒಮ್ಮೆ ‘ಟಿಕ್’ ಎಂದು ಸುಮ್ಮನಾಗುತ್ತದೆ. ಇನ್ನು ಉಳಿದದ್ದು ಕಂಪ್ಯೂಟರ್. ಅದರ ಬೆಲೆ ಕೇಳಿದ ಹೆಂಡತಿ ಮಾತು ಬಿಡುತ್ತಾಳೆ. ಹಿಮ ಕರಗುವ ಹೊತ್ತಿಗೆ ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಗಾಡಿ ಕಟ್ಟುವಷ್ಟು ಒಳ್ಳೆಯ ಬಿಡಿಭಾಗಗಳು ಬಿದ್ದಿರುತ್ತವೆ. ನಡುವೆ ಯಾರೋ ಕೀ ಆರಿಸಿ ಮತ್ತೆ ಹಾಕುವ ಮಂತ್ರ ಹೇಳಿಕೊಡುತ್ತಾರೆ. ಕಂಪ್ಯೂಟರ್ ಮುನಿಸು ಮರೆತು ಇನ್ನೊಮ್ಮೆ ಪ್ರಯತ್ನಿಸುವುದರಿಂದ ಎರಡು ಗೇರ್ ಬೀಳುತ್ತವೆ. ರೋಗ ವಾಸಿಯಾಯಿತೆಂದು ಘೋಷಣೆಯಾಗುತ್ತದೆ. ಮೂರನೆಯ ಗೇರಿಗೆ ಮತ್ತೆ ಅಡ್ಡಗೆರೆ.

ಚಳಿಗಾಲಕ್ಕೇ ಈ ಕಾಟ ಏಕೆ? ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೀಸದ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿಯೇ ಅದು ಸುಸ್ತು. ಅದರ ಮೇಲೆ ಗೇರ್ ಮೋಟಾರ್ ಗಬಕ್ಕನೆ ಕರೆಂಟು ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಶಾಫ್ಟ್ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು. 12ರ ಹತ್ತಿರ ಬಂದಿದ್ದರೆ ಅದು ಖಾಲಿಯಾದ ಹಾಗೆಯೇ. ಇದನ್ನು ನೋಡಲು ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್. ಅದು ಪ್ರತಿ ಕೊಟ್ಟಿಗೆಯಲ್ಲೂ ಇರುತ್ತದೆ, ಡಬ್ಬಿಯನ್ನೂ ತೆರೆಯದ ಸ್ಥಿತಿಯಲ್ಲಿ. ಸೆನ್ಸರ್ ಬದಲಿಸಿದವನಿಗೆ ಸಂಜೆ ಬಿಯರ್ ಹಿಡಿದು ಹೇಳಿಕೊಳ್ಳಲು ಒಂದು ಕಥೆಯಾದರೂ ಸಿಗುತ್ತದೆ. ಬ್ಯಾಟರಿ ಟರ್ಮಿನಲ್ಲಿನ ನಟ್ ಬಿಗಿ ಮಾಡಿದವನ ಮಾತು ಯಾರಿಗೆ ಬೇಕು?

ಇನ್ನೊಬ್ಬ ಖಳನಾಯಕ ಶುಚಿತ್ವ. ಕೆಸರಾದ ಗಾಡಿಗೆ ಪ್ರೆಷರ್ ವಾಷರ್ ಹಿಡಿದು ಲಕಲಕ ಮಾಡುವವರು ಕನೆಕ್ಟರುಗಳ ಒಳಗೂ ಗಂಗಾಸ್ನಾನ ಮಾಡಿಸಿರುತ್ತಾರೆ. ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಕೊಟ್ಟಿಗೆಯಲ್ಲಿ ಚಳಿಗಾಲ ಕಳೆದ ಇಲಿಗಳು ವೈರಿನ ಹೊದಿಕೆ ತಿಂದಿದ್ದರೆ ಅದು ಬೇರೆ ಕಥೆ. ಕಿಲುಬು ಕೆರೆದು, ಒಣಗಿಸಿ, ಚಿಟಿಕೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮತ್ತೆ ಕೂಡಿಸಿದರೆ ಎಷ್ಟೋ ಗಾಡಿಗಳು ಅಲ್ಲೇ ಮರ್ಯಾದೆಗೆ ಬರುತ್ತವೆ. (ರಿವರ್ಸ್ ಮಾತ್ರ ಬೀಳುತ್ತಿಲ್ಲ ಎನ್ನುವವರದು ಬೇರೆ ವರ್ಗ. ಅದಕ್ಕೆ ಹಿಂದಿನ ಬ್ರೇಕ್ ಲಿವರ್ ಹಿಡಿದು, ರಿವರ್ಸಿನ ಗುಂಡಿ ಅದುಮಿ, ಆಮೇಲೆ ಗೇರ್ ಇಳಿಸುವ ಗುಂಡಿ ಒತ್ತಬೇಕು. ಮಾಲೀಕರ ಕೈಪಿಡಿಯಲ್ಲಿ ಬರೆದಿದೆ. ಅಲ್ಲಿ ಬರೆದದ್ದನ್ನು ಓದಬಾರದೆಂಬುದು ಗಂಡಸರ ವ್ರತ.)

ಎಲ್ಲಕ್ಕಿಂತ ತಮಾಷೆಯೆಂದರೆ, ಗಾಡಿಗೆ ಬಾಯಿದೆ. ಸರ್ವಿಸ್ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಕೇಳಿದರೆ ಅದು ಮಿನುಗಿ ಮಿನುಗಿ ತನ್ನ ತಪ್ಪಿನ ಸಂಖ್ಯೆಯನ್ನು ತಾನೇ ಹೇಳುತ್ತದೆ. ಆ ಸಂಖ್ಯೆ ಎದುರಿನ ಸಾಲಿನಲ್ಲಿ ಯಾವ ವೈರು, ಯಾವ ಪಿನ್ನು ನೋಡಬೇಕೆಂದೂ ಬರೆದಿದೆ. ಬೇಟೆಗಾರ ಆ ಮಿನುಗನ್ನು ಎಣಿಸದೆ, ಹೊಸ ಪಾರ್ಟಿನ ಪಾರ್ಸೆಲ್ ಬರಲು ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಾನೆ.

ಇಂಥ ಗಾಡಿ ಇಟ್ಟುಕೊಂಡವರು ದಯವಿಟ್ಟು ಇಂದೇ ಸೀಟೆತ್ತಿ ಆ ಕಬ್ಬಿಣದ ಹಿಡಿ ಇದೆಯೇ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಂಡವರಾದರೆ ಅದು ಅಲ್ಲಿರುತ್ತದೆಂದು ನಂಬಬೇಡಿ.