ಬ್ಯಾಚ್ ನಂಬರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಬ್ಯಾಚ್ ನಂಬರ್ ಸಾಹೇಬರೇ,

ತಮ್ಮ ದರ್ಶನಕ್ಕೆಂದು ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟವನು ಮಧ್ಯಾಹ್ನ ಎರಡೂವರೆಗೆ ಬರಿಗೈಲಿ ವಾಪಸ್ ಬಂದೆ. ಅದರಲ್ಲಿ ಮುಕ್ಕಾಲು ಗಂಟೆ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನ ಪಾಲು, ಅದನ್ನು ತಮ್ಮ ಲೆಕ್ಕಕ್ಕೆ ಹಾಕುವುದಿಲ್ಲ. ಉಳಿದದ್ದೆಲ್ಲ ತಮ್ಮದೇ.

ವಿಷಯ ಇಷ್ಟೆ. ಹೋದ ವಾರ ನಮ್ಮಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಒಳಗಿಟ್ಟ ಲೆನ್ಸಿಗೆ ಒಂದು ಕಾರ್ಡು ಕೊಟ್ಟರು, ಕಾರ್ಡಿನ ಮೇಲೆ ಸ್ಟಿಕ್ಕರು, ಸ್ಟಿಕ್ಕರಿನ ಮೇಲೆ ನಂಬರು. ಸಂತೋಷ. ಆದರೆ ಆಪರೇಷನ್ ಹೊತ್ತಿನಲ್ಲಿ ಕಣ್ಣಿನ ಮುಂಭಾಗ ಕುಸಿಯದಂತೆ, ಕಾರ್ನಿಯಾದ ಒಳಪದರಕ್ಕೆ ಗಾಯವಾಗದಂತೆ ಒಂದು ಅಂಟಂಟು ಜೆಲ್ ತುಂಬುತ್ತಾರಲ್ಲ, ಅದು ಯಾವ ಬ್ಯಾಚಿನದು? ಬಿಲ್ಲಿನಲ್ಲಿ ‘ಕನ್ಸ್ಯೂಮಬಲ್ಸ್’ ಅಂತ ಒಂದೇ ಸಾಲು. ಬಿಲ್ಲಿಂಗಿನವರು ಫಾರ್ಮಸಿ ತೋರಿಸಿದರು. ಫಾರ್ಮಸಿಯವರು ಓಟಿ ಸ್ಟೋರ್ ತೋರಿಸಿದರು. ಓಟಿ ಸ್ಟೋರಿನ ಬಾಗಿಲಲ್ಲಿ ‘ಪ್ರವೇಶವಿಲ್ಲ’ ಎಂಬ ಬೋರ್ಡಿತ್ತು. ಇಡೀ ದಿನದಲ್ಲಿ ನನಗೆ ಸಿಕ್ಕ ಸ್ಪಷ್ಟ ಉತ್ತರ ಅದೊಂದೇ. ಕೊನೆಗೊಬ್ಬ ಹುಡುಗ, “ಯಾಕೆ ಸಾರ್, ಅಮ್ಮಂಗೆ ಕಣ್ಣು ಕಾಣ್ತಿದೆ ತಾನೇ?” ಅಂದ. ಕಾಣ್ತಿದೆಯಪ್ಪ. ಕಾಣ್ತಿರುವಾಗಲೇ ಕೇಳಿಡಬೇಕಾದ ಪ್ರಶ್ನೆ ಇದು.

ಕೆ.ಆರ್. ಪುರದ ಸಂತೆಯಲ್ಲಿ ಬದನೆಕಾಯಿ ಮಾರುವಾಕೆಯನ್ನು ಕೇಳಿದರೆ ಹೊಸಕೋಟೆ ಕಡೆಯದೋ ಮಾಲೂರಿನದೋ, ನಿನ್ನೆ ಕಿತ್ತದ್ದೋ ಇವತ್ತಿನದೋ ಹೇಳುತ್ತಾಳೆ. ಹುಳುಕು ಬಂದರೆ ಮುಂದಿನ ವಾರ ಬದಲಾಯಿಸಿಯೂ ಕೊಡುತ್ತಾಳೆ, ಬೈದುಕೊಂಡೇ. ಅಮ್ಮನ ಕಣ್ಣಿಗೆ ಹಾಕಿದ್ದು ಬದನೆಕಾಯಿಯಲ್ಲವಲ್ಲ, ಆ ಹಕ್ಕು ನಮಗಿಲ್ಲ.

ತಮಗೆ ಮಿಂಟೊ ನೆನಪಿದೆಯೇ? 2019ರ ಜುಲೈ 9. ಚಾಮರಾಜಪೇಟೆಯ ಆ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಒಂದೇ ದಿನ 24 ಜನರಿಗೆ ಪೊರೆ ಆಪರೇಷನ್. ಮಸುಕು ಹೋದರೆ ಸಾಕು ಅಂತ ಬಂದವರಲ್ಲಿ ಹಲವರಿಗೆ ಕತ್ತಲೆಯೇ ಗತಿಯಾಯಿತು. ಆಸ್ಪತ್ರೆ ಬೆರಳು ತೋರಿಸಿದ್ದು ಇದೇ ಜೆಲ್ಲಿನ ಕಡೆ, ಅದರೊಳಗೆ ಸೇರಿಕೊಂಡಿತ್ತೆನ್ನಲಾದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕಡೆ. ನವೆಂಬರಿನಲ್ಲಿ ಪ್ರತಿಭಟನೆ, ವೈದ್ಯರ ಮೇಲೆ ಹಲ್ಲೆ, ವೈದ್ಯರ ಮುಷ್ಕರ. ಯಾರು ಯಾರಿಗೆ ಬೈದರು ಎಂಬುದು ನಮ್ಮ ಬೀದಿಗೆಲ್ಲ ಬಾಯಿಪಾಠ. ತಮ್ಮ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಚೆನ್ನೈ ಬಳಿ ತಯಾರಾದ ಕಣ್ಣಿನ ಹನಿಯಿಂದ 2022-23ರಲ್ಲಿ ಅಮೆರಿಕದಲ್ಲೂ ಸ್ಯೂಡೊಮೊನಾಸೇ ಹರಡಿತು. 18 ರಾಜ್ಯಗಳಲ್ಲಿ 81 ಜನರಿಗೆ ಸೋಂಕು, ನಾಲ್ವರ ಸಾವು. ಮಾಲು ಹಿಂದಕ್ಕೆ ಕರೆಸಿಕೊಂಡರು. ಅಲ್ಲಿಯ ಅಜ್ಜಿ ತನ್ನ ಕೈಲಿದ್ದ ಬಾಟಲಿ ತಿರುಗಿಸಿ ನೋಡಿ ಕಸಕ್ಕೆ ಹಾಕಬಹುದಿತ್ತು. ನಮ್ಮಮ್ಮ ಏನನ್ನು ತಿರುಗಿಸಿ ನೋಡಬೇಕು?

ಕಾನೂನಿಲ್ಲ ಅಂತಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಏಪ್ರಿಲ್ 1ರಿಂದ ಎಲ್ಲ ಸಾಧನಗಳೂ ಔಷಧ ಕಾನೂನಿನಡಿ ಬಂದಿವೆ. ರೋಗಿಗೆ ಅಪಾಯವಾಗುವ ಮಾಲು ಅಂತ ಗೊತ್ತಾದರೆ ತಯಾರಕರೇ ಹಿಂದಕ್ಕೆ ಕರೆಸಿಕೊಳ್ಳಬೇಕು. ಕರೆಸಿಕೊಳ್ಳಲಿ, ಪಾಪ. ಇಂಥ ಬ್ಯಾಚ್ ಕೆಟ್ಟದ್ದು ಅಂತ ನಾಳೆ ಪೇಪರಿನಲ್ಲಿ ಬಂತು ಅನ್ನಿ, ನಾನು ಯಾವ ಚೀಟಿ ಹಿಡಿದು ತಾಳೆ ನೋಡಲಿ? ಸಂತೆಯ ಬದನೆಕಾಯಿಗಾದರೂ ಊರಿದೆ. ಈ ಕಾನೂನೋ ಪುಸ್ತಕದ ಬದನೆಕಾಯಿ.

ಇನ್ನು ಈ ತಾವು-ಗೀವು ಸಾಕು. ಎಲ್ಲಿ ಅವಿತುಕೊಂಡಿದ್ದೀಯ ಹೇಳು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಸತ್ತರು, ಐದು ಜನ. ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಸರ್ಕಾರವೇ ಸಂಶಯಪಟ್ಟಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ಬಾಟಲಿಗಳ ಮೇಲೂ ನೀನಿದ್ದೆ. ತಲೆಕೆಳಗಾಗಿ ನೇತಾಡುವ ಬಾಟಲಿಯ ಮೇಲೆ ಇರುವೆ ಸಾಲಿನಷ್ಟು ಸಣ್ಣಕ್ಕೆ ಅಚ್ಚಾಗಿರುವ ನಿನ್ನನ್ನು ಮಲಗಿದವಳು ಓದುವುದು ಹೇಗೆ? ಹೆತ್ತು ಸುಸ್ತಾದವಳ ಕೆಲಸವೇ ಅದು? ನಾಚಿಕೆಯಾಗಬೇಕು. ನಿನಗಲ್ಲ, ನೀನು ಬರೀ ನಂಬರು.

ಡಬ್ಬಿಯ ಸ್ಟಿಕ್ಕರ್ ಕಿತ್ತು ಡಿಸ್ಚಾರ್ಜ್ ಚೀಟಿಗೆ ಅಂಟಿಸಲು ಅರ್ಧ ನಿಮಿಷ ಸಾಕು. ಲೆನ್ಸಿಗೆ ಮಾಡಿದ್ದನ್ನು ಜೆಲ್ಲಿಗೂ ಮಾಡಿ ಅಂದದ್ದಕ್ಕೆ ನಾಲ್ಕೂಮುಕ್ಕಾಲು ಗಂಟೆ ಅಲೆಸಿದರು.

ಬರುವ ತಿಂಗಳು ಅಮ್ಮನ ಎಡಗಣ್ಣಿನ ಸರದಿ. ಗಮ್ ಬಾಟಲಿ ನಾನೇ ತರುತ್ತೇನೆ, ಓಟಿ ಬಾಗಿಲಲ್ಲೇ ಕೂತಿರುತ್ತೇನೆ. ಖಾಲಿ ಡಬ್ಬಿ ಕೈಗೆ ಬರುವವರೆಗೆ ಬಿಲ್ ಕಟ್ಟುವುದಿಲ್ಲ. ಸಂತೆಯ ದಿನವಾದರೆ ಕೌಂಟರಿನವರಿಗೆ ಒಂದು ಕಿಲೋ ಬದನೆಕಾಯಿಯೂ ತರುತ್ತೇನೆ, ಯಾವ ಊರಿನದು ಅಂತ ಚೀಟಿ ಅಂಟಿಸಿ.

ಇತಿ,
ನಿನ್ನನ್ನು ಇನ್ನೂ ಕಾಣದ, ಪೊರೆಯಿಲ್ಲದ ಕಣ್ಣಿನ ಒಬ್ಬ ಮಗ
ಕೃಷ್ಣರಾಜಪುರ