ಹಳ್ಳಿಕಾರ್ ಬಣ್ಣದ ಕ್ಯಾಮೆರಾ

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯ ಕನ್ನಡಿಯನ್ನು ನೀವೂ ನೋಡಿರುತ್ತೀರಿ. ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದರೆ ಅವನ ಬೆನ್ನಿಗೆ ನರಸಿಂಹ ಪಶ್ಚಿಮಕ್ಕೆ. ಎದುರಿಗೆ ನಿಂತ ಭಕ್ತರಿಗೆ ನರಸಿಂಹನೂ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟಿದ್ದಾರೆ. ಕ್ಯೂನಲ್ಲಿ ತಳ್ಳಿಸಿಕೊಳ್ಳುತ್ತಾ ಆ ಕನ್ನಡಿಯ ಮುಂದೆ ಬಂದು ನಿಂತಾಗ ನನಗೆ ಭಕ್ತಿಯ ಜೊತೆಗೆ ಇನ್ನೊಂದು ಸಂಕಟವೂ ಶುರುವಾಗುತ್ತದೆ. ಯಾಕೆಂದರೆ ನನ್ನ ಹೆಗಲಿಗೆ ನೇತುಬಿದ್ದಿರುವ ಹಳೇ ಡಿಎಸ್‌ಎಲ್‌ಆರ್ ಒಳಗೂ ಒಂದು ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕನ್ನು ಕಣ್ಣಿನ ಕಡೆ ತಿರುಗಿಸಿ, ಕ್ಲಿಕ್ ಮಾಡಿದಾಗ ಟಪ್ಪನೆ ಮೇಲೆದ್ದು ದಾರಿ ಬಿಡುವ ಕನ್ನಡಿ. 2008ರಲ್ಲಿ ಪ್ಯಾನಸೋನಿಕ್‌ನವರು ಆ ಕನ್ನಡಿಯನ್ನೇ ಕಿತ್ತುಹಾಕಿ ಲೆನ್ಸ್ ಬದಲಿಸುವ ಕ್ಯಾಮೆರಾ ತಂದರು. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಎಲ್ಲರೂ ಮಿರರ್‌ಲೆಸ್ ಆದರು. ದೇವರೇ ಇಟ್ಟುಕೊಂಡಿರುವ ಕನ್ನಡಿ ಕ್ಯಾಮೆರಾ ಕಂಪನಿಗಳಿಗೆ ಬೇಡವಾಯಿತು! ನನ್ನ ಬಾಮೈದನಂತೂ ಮನೆಗೆ ಬಂದಾಗಲೆಲ್ಲ, "ಏನ್ ಭಾವ, ಇನ್ನೂ ಕನ್ನಡಿ ಕಾಲದಲ್ಲೇ ಇದೀರಾ?" ಅಂತ ಕೇಳಿಯೇ ಕಾಫಿ ಕುಡಿಯುವುದು. ಅವನದು ಮಿರರ್‌ಲೆಸ್. ಕಂತು ಇನ್ನೂ ತೀರಿಲ್ಲ.

ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತುವ ಮಾತೇ ಇಲ್ಲ, ಎತ್ತಲೂ ಬಾರದು. ಆದರೆ ಹೊರಗೆ ಬೈಕಿನ ಕನ್ನಡಿಯಲ್ಲೋ ಜಾತ್ರೆಯಂಗಡಿಯ ಕನ್ನಡಿಯಲ್ಲೋ ಮುಖ ತೆಗೆಯುವ ಚಪಲ ಎಲ್ಲರಿಗೂ ಬರುತ್ತದೆ. ಆಗ ಕ್ಯಾಮೆರಾ ಗಾಜಿನ ಮೇಲಿನ ಧೂಳಿಗೆ ಫೋಕಸ್ ಮಾಡಿ, ಮುಖವನ್ನು ಮಂಜು ಮಾಡಿ ಕೊಡುತ್ತದೆ. ಬಿಂಬ ಇರುವುದು ಗಾಜಿನ ಮೇಲಲ್ಲ. ಮನುಷ್ಯ ಕನ್ನಡಿಯಿಂದ ಎಷ್ಟು ದೂರ ನಿಂತಿದ್ದಾನೋ, ಬಿಂಬವೂ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿರುತ್ತದೆ. ಫೋಕಸ್ ಚುಕ್ಕಿಯನ್ನು ಬಿಂಬದ ಕಣ್ಣಿನ ಮೇಲೆ ಇಟ್ಟರೆ ಆಯಿತು.

ನಾನು ಹೇಳಹೊರಟಿದ್ದು ದೇವಸ್ಥಾನದ ಮಾತಲ್ಲ, ದನಗಳ ಜಾತ್ರೆಯದು. ಪುಷ್ಯ ಶುದ್ಧ ಷಷ್ಠಿಗೆ ಇಲ್ಲಿ ಬ್ರಹ್ಮರಥೋತ್ಸವ. ಡಿಸೆಂಬರ್ ಕೊನೆಗೋ ಜನವರಿಗೋ ಬೀಳುತ್ತದೆ. ಅದಕ್ಕೂ ಮೊದಲೇ ದೇವಸ್ಥಾನದ ಸುತ್ತಲ ಬಯಲಿನಲ್ಲಿ ಜಾತ್ರೆ ಕಟ್ಟುತ್ತದೆ. ಅಕ್ಕಪಕ್ಕದ ಜಿಲ್ಲೆಗಳಿಂದ, ಆಂಧ್ರದ ಕಡೆಯಿಂದ ರೈತರು ಲಾರಿಯಲ್ಲಿ ಎತ್ತು ಇಳಿಸಿಕೊಂಡು ಬಂದು ಶಾಮಿಯಾನ ಹಾಕಿ ಕೂರುತ್ತಾರೆ. ಅನುಕೂಲಸ್ಥರ ಜೋಡಿ ಎತ್ತುಗಳಿಗೆ ಹೂವಿನ ಹಾರ, ಲೈಟಿನ ಸರ, ಬರುವಾಗ ವಾಲಗವೂ ಉಂಟು. ನನ್ನ ಮದುವೆಯಲ್ಲಿ ಅಷ್ಟು ಲೈಟು ಇರಲಿಲ್ಲ. ಹವ್ಯಾಸಿ ಛಾಯಾಗ್ರಾಹಕರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೆಂಗಳೂರಿನ ಆಸುಪಾಸಿನಲ್ಲಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಫೀಸೂ ಇಲ್ಲ, ಸಗಣಿ ತುಳಿಯಲು ತಯಾರಿದ್ದರೆ ಸಾಕು.

ಯಾಕೆ ಅಂತೀರಾ? ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ಇದೆಯಲ್ಲ, ಅದಕ್ಕೆ ಪ್ರಪಂಚವೆಲ್ಲ ಬೂದು. ತನ್ನ ಮುಂದೆ ಏನೇ ನಿಲ್ಲಿಸಿದರೂ ಅದನ್ನು ಮಧ್ಯಮ ಬೂದಿಗೆ ತರಲು ಹೆಣಗುತ್ತದೆ. ಸ್ಟುಡಿಯೋದವರು ಇಟ್ಟುಕೊಳ್ಳುವ ಶೇಕಡಾ 18ರ ಬೂದು ಕಾರ್ಡು ಹುಟ್ಟಿದ್ದೇ ಈ ಲೆಕ್ಕಕ್ಕೆ. ಹಾಗಾಗಿ ಬಿಳೀ ಪಂಚೆ, ಬಿಳೀ ಶರಟಿನ ಯಜಮಾನರನ್ನು ಫ್ರೇಮಿನ ತುಂಬಾ ನಿಲ್ಲಿಸಿದರೆ ಅವರ ಪಂಚೆ ವಾರದಿಂದ ಒಗೆಯದ ಹಾಗೆ ಕಾಣುತ್ತದೆ. ಕರೀ ಎಮ್ಮೆಯನ್ನು ತೆಗೆದರೆ ಮೈಗೆಲ್ಲ ಬೂದಿ ಬಳಿದುಕೊಂಡು ಬರುತ್ತದೆ. ಇವೆರಡರ ನಡುವೆ, ಆ ಮಾಪಕಕ್ಕೆ ಹೇಳಿ ಮಾಡಿಸಿದಂತೆ ನಿಂತಿರುವ ಪ್ರಾಣಿಯೊಂದಿದ್ದರೆ ಅದು ನಮ್ಮ ಹಳ್ಳಿಕಾರ್ ಎತ್ತು. ಅದೇ ಬೂದು. 2000ದಲ್ಲಿ ಅಂಚೆ ಇಲಾಖೆ ಗಿರ್, ಕಾಂಕ್ರೇಜ್, ಕಾಂಗಾಯಂ ಜೊತೆಗೆ ಹಳ್ಳಿಕಾರ್ ತಳಿಗೂ ಅಂಚೆಚೀಟಿ ತಂದಿತು. ಛಾಯಾಗ್ರಾಹಕರು ಇನ್ನೂ ಮುಂಚೆಯೇ ಅದಕ್ಕೊಂದು ಸನ್ಮಾನ ಮಾಡಬೇಕಿತ್ತು.

ಉಪಯೋಗ ಹೀಗೆ. ಬಿಸಿಲಲ್ಲಿ ನಿಂತ ಹಳ್ಳಿಕಾರ್ ಎತ್ತಿನ ಪಕ್ಕೆ ಫ್ರೇಮ್ ತುಂಬುವಂತೆ ಕ್ಯಾಮೆರಾ ಹಿಡಿದು ಅಳತೆ ತೆಗೆದುಕೊಳ್ಳಿ. ಮ್ಯಾನುಯಲ್‌ನಲ್ಲಿ ಅದನ್ನೇ ಇಟ್ಟುಕೊಂಡರೆ, ಅದೇ ಬಿಸಿಲಲ್ಲಿರುವ ಬಿಳೀ ಪಂಚೆ ಬಿಳಿಯಾಗಿ, ಕರೀ ಎಮ್ಮೆ ಕಪ್ಪಾಗಿ ಬರುತ್ತವೆ. ಹೋರಿಗಳ ಹೆಗಲು, ತೊಡೆ ಕೊಂಚ ಕಪ್ಪಿಗೆ ತಿರುಗಿರುತ್ತವೆ, ಅದಕ್ಕೇ ಪಕ್ಕೆ ಅಂದದ್ದು. ಮ್ಯಾನುಯಲ್ ಅಂದರೆ ಭಯವಾದರೆ ಪ್ಲಸ್–ಮೈನಸ್ ಗುರುತಿನ ಗುಂಡಿ ಇದೆಯಲ್ಲ, ಬಿಳಿಗೆ ಪ್ಲಸ್ ಒಂದು, ಕಪ್ಪಿಗೆ ಮೈನಸ್ ಒಂದು ಮಾಡಿ ನೋಡಿ. ಕ್ಯಾಮೆರಾ ಕೊಂಡವರಲ್ಲಿ ಬಹಳಷ್ಟು ಜನ ಆ ಗುಂಡಿಯನ್ನು ಮುಟ್ಟದೇ ಹೊಸ ಮಾಡೆಲ್ ಕೊಳ್ಳಲು ಹೊರಡುತ್ತಾರೆ. ನನ್ನ ಬಾಮೈದನ ಹೆಸರು ಇಲ್ಲಿ ಎತ್ತುವುದಿಲ್ಲ.

ಬಿಸಿಲಲ್ಲಿ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಶಾಮಿಯಾನದ ಬಟ್ಟೆ ಕೆಂಪಿದ್ದರೆ ಒಳಗಿನ ಬೆಳಕೂ ಕೆಂಪು. ನಮ್ಮ ಮೆದುಳು ಆ ಕೆಂಪನ್ನು ಕಳೆದು ಎತ್ತನ್ನು ಬೂದಾಗಿಯೇ ತೋರಿಸುತ್ತದೆ, ಕ್ಯಾಮೆರಾಗೆ ಆ ಸೌಜನ್ಯ ಇಲ್ಲ. ಹೊಸಕೋಟೆ ಕಡೆಯ ಒಬ್ಬ ಯಜಮಾನರ ಜೋಡಿಯನ್ನು ನೆರಳಲ್ಲಿ ತೆಗೆದು ಸ್ಕ್ರೀನು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಏನ್ ಸಾಮಿ, ನಮ್ಮೆತ್ತಿಗೆ ಬಣ್ಣ ಹೊಡ್ದಿದೀರಾ? ಇದುನ್ ನೋಡುದ್ರೆ ಕೊಳ್ಳೋರು ಬರ್ತಾರಾ?" ಅಂದರು. ಪಕ್ಕದಲ್ಲಿ ಹುಲ್ಲು ಹಾಕುತ್ತಿದ್ದ ಹುಡುಗ ಬಿದ್ದು ಬಿದ್ದು ನಕ್ಕ. ಅಂಥ ಕಡೆ ಎರಡು ದಾರಿ. ಚಿತ್ರವನ್ನು ರಾ ಫೈಲಿನಲ್ಲಿ ತೆಗೆದುಕೊಂಡು ಮನೆಗೆ ಹೋಗಿ ಬಣ್ಣ ಸರಿಪಡಿಸಿಕೊಳ್ಳುವುದು, ಇಲ್ಲವೇ "ಯಜಮಾನ್ರೇ, ಸ್ವಲ್ಪ ಆಚೆ ಹಿಡ್ಕೊಂಡ್ ಬರ್ತೀರಾ?" ಅಂತ ಕೇಳುವುದು. ಎರಡನೆಯದು ಸುಲಭ. ತಮ್ಮ ಎತ್ತು ಚೆನ್ನಾಗಿ ಕಾಣಬೇಕೆಂದರೆ ಬೇಡ ಅನ್ನುವ ರೈತರನ್ನು ನಾನು ಕಂಡಿಲ್ಲ.

ಹಳ್ಳಿಕಾರಿನ ಕೊಂಬು ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮುಂದಕ್ಕೆ ಚಾಚುತ್ತದೆ. ತುದಿ ಚೂಪು. ಎಫ್ 1.8ರ ಲೆನ್ಸ್ ಕೊಂಡ ಹುಮ್ಮಸ್ಸಿನಲ್ಲಿ ಪೂರ್ತಿ ತೆರೆದು ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟ, ಕೊಂಬಿನ ತುದಿಗೆ ತೊಡಿಸಿದ ಹಿತ್ತಾಳೆಯ ಅಣಸು ಮಾಯ. ಹಿನ್ನೆಲೆ ಮಸುಕಾದರೆ ಕಲೆ ಅನ್ನುವ ನಂಬಿಕೆ ಈಚೆಗೆ ಬಹಳ ಬಲಿತಿದೆ. ಜಾತ್ರೆಗೆ ಹೋಗಿ ಜಾತ್ರೆಯನ್ನೇ ಮಸುಕು ಮಾಡಿ ತರುವುದೇನು ಚಂದ? ಎಫ್ 5.6, ಎಫ್ 8 ಇಟ್ಟು ಎತ್ತನ್ನೂ ಅದರ ಹಿಂದಿನ ಬಯಲನ್ನೂ ಉಳಿಸಿಕೊಳ್ಳಿ. ಕ್ಯಾಮೆರಾ ಜೊತೆಗೆ ಬರುವ 18–55 ಲೆನ್ಸ್ ಇದಕ್ಕೆ ಧಾರಾಳ ಸಾಕು. ಲೆನ್ಸ್ ಬದಲಿಸುವ ಚಟವನ್ನಂತೂ ಇಲ್ಲಿ ಬಿಡಬೇಕು. ಬಯಲಿನ ಧೂಳು ಬಾಗಿಲು ತೆರೆಯುವುದನ್ನೇ ಕಾದಿರುತ್ತದೆ, ಹೋಗಿ ಸೆನ್ಸರ್ ಮೇಲೆ ಕೂರುತ್ತದೆ. ಅನುಮಾನವಿದ್ದರೆ ಎಫ್ 22ರಲ್ಲಿ ಬರಿಯ ಆಕಾಶ ತೆಗೆದು ನೋಡಿ, ಚುಕ್ಕಿಗಳು ಕಂಡರೆ ಅದೇ. ರಬ್ಬರ್ ಬ್ಲೋವರಿನಲ್ಲಿ ಊದಿ. ಬಾಯಿಂದ ಊದಿದರೆ ಧೂಳಿನ ಜೊತೆಗೆ ಎಂಜಲೂ ಸೇರುತ್ತದೆ. ಎಂಜಲು ಅಂದಾಗ ನೆನಪಾಯಿತು: ಬಗ್ಗಿ ಕೂತು ಮೂತಿಯ ಹತ್ತಿರದ ಚಿತ್ರ ತೆಗೆಯುತ್ತಿದ್ದಾಗ ಒಂದು ಹೋರಿ ನಾಲಗೆ ಚಾಚಿ ನನ್ನ ಲೆನ್ಸನ್ನು ಒಮ್ಮೆ ಪೂರಾ ನೆಕ್ಕಿತು. ಮರಳುಕಾಗದದಂಥ ನಾಲಗೆ. ಮುಂದೆ ಫಿಲ್ಟರ್ ಗಾಜು ಇದ್ದದ್ದರಿಂದ ಲೆನ್ಸ್ ಉಳಿಯಿತು. ಫಿಲ್ಟರ್ ಬೇಕೋ ಬೇಡವೋ ಅಂತ ಪಂಡಿತರು ಚರ್ಚೆ ಮಾಡುತ್ತಲೇ ಇರಲಿ, ದನಗಳ ಜಾತ್ರೆಗೆ ಬೇಕು.

ಹೊಸದು ಕೊಳ್ಳುವ ತಾಕತ್ತಿಲ್ಲದವರು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡುವುದಾದರೆ, ಈ ಜಾತ್ರೆಯ ದಲ್ಲಾಳಿಗಳ ಹಿಂದೆ ಒಂದು ಗಂಟೆ ಅಡ್ಡಾಡಿ ಬನ್ನಿ. ದಲ್ಲಾಳಿ ಎತ್ತಿನ ಹಾರ, ಗೆಜ್ಜೆ ನೋಡುವುದಿಲ್ಲ. ನೇರ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿ ಕೂಡಿದೆಯೋ. ಆಮೇಲೆ ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕ್ಯಾಮೆರಾದ ಹಲ್ಲು ಅಂದರೆ ಶಟರ್ ಕೌಂಟ್, ಅದು ಈವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನುವ ಲೆಕ್ಕ. ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರ್ ಸುಮಾರು 1 ಲಕ್ಷ ಕ್ಲಿಕ್ಕಿಗೆ ಅಂತ ಅಂದಾಜು. ನಿಕಾನ್ ಆದರೆ ಆ ಲೆಕ್ಕ ಚಿತ್ರದ ಫೈಲಿನಲ್ಲೇ ಅಡಗಿರುತ್ತದೆ. ಲೆನ್ಸಿಗೆ ಹಿಂದಿನಿಂದ ಟಾರ್ಚ್ ಬಿಟ್ಟು ಜೇಡರಬಲೆಯಂಥ ಬೂಷ್ಟು ಕಂಡರೆ ಕೈಮುಗಿದು ಎದ್ದು ಬನ್ನಿ. ವ್ಯಾಪಾರವನ್ನು ದಲ್ಲಾಳಿಗಳಂತೆ ಟವೆಲಿನ ಕೆಳಗೆ ಬೆರಳು ಹಿಡಿದು ಮಾಡುವ ಅಗತ್ಯವಿಲ್ಲ. ಆ ಟವೆಲಿನ ವ್ಯಾಪಾರದ ಚಿತ್ರ ಮಾತ್ರ ಬಿಡಬೇಡಿ. ಕೈ ಕಾಣುವುದಿಲ್ಲ, ಬೆಲೆಯೆಲ್ಲ ಮುಖದ ಮೇಲೆ ಓಡುತ್ತಿರುತ್ತದೆ.

ರೋಲಿಗೆ ಮೂವತ್ತಾರೇ ಚಿತ್ರ ಸಿಗುತ್ತಿದ್ದ ಕಾಲದಲ್ಲಿ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಾಡಿನಲ್ಲೂ, ಸಾಹಿತಿ ತೇಜಸ್ವಿ ಮೂಡಿಗೆರೆಯ ಹಕ್ಕಿಗಳ ಹಿಂದೆಯೂ ಕಾದು ಕೂತದ್ದು ಸುಮ್ಮನೆ ಅಲ್ಲ. ನಮ್ಮ ಕಾರ್ಡಿನಲ್ಲಿ ಸಾವಿರಾರು ಹಿಡಿಯುತ್ತವೆ, ಅದಕ್ಕೇ ಕಾಯುವುದಿಲ್ಲ. ರಥ ಎಳೆಯುವ ನಡುಹಗಲಿನಲ್ಲಿ ಮುಖಗಳೆಲ್ಲ ಕಣ್ಣಿನ ಗುಳಿಯಲ್ಲಿ ಕಪ್ಪು ತುಂಬಿಕೊಂಡಿರುತ್ತವೆ. ಭಕ್ತರು ರಥದತ್ತ ಎಸೆಯುವ ಬಾಳೆಹಣ್ಣನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ನಿಲ್ಲಿಸಬಹುದು, ಅಷ್ಟು ಮಾಡಿ ಊಟಕ್ಕೆ ಹೋಗಿ. ದೇವಸ್ಥಾನದ ಬಳಿಯ ನಾಗರಕಲ್ಲುಗಳ ಸಾಲಿಗೆ ಬೆಳಗಿನ ಅಡ್ಡ ಬಿಸಿಲೇ ಬೇಕು, ಹೆಡೆಯ ಕೆತ್ತನೆ ಎದ್ದು ಬರುವುದು ಆಗಲೇ. ಅಲ್ಲಿ ಒಂದು ಮಾತು. ನಾಗಪ್ರತಿಷ್ಠೆಗೆ ಬಂದ ದಂಪತಿಗಳಲ್ಲಿ ಮಕ್ಕಳಿಗಾಗಿ ಹರಕೆ ಹೊತ್ತವರು ಬಹಳ. ಅರಿಶಿನ ಮೆತ್ತಿದ ಕಲ್ಲು ತೆಗೆಯಿರಿ, ಅವರ ಮುಖ ತೆಗೆಯಬೇಡಿ. ಹಾಗೆಯೇ ಪಕ್ಕದ ಮಾಕಳಿದುರ್ಗದ ತಿರುವಿನಲ್ಲಿ ರೈಲು ಚಂದ ಅಂತ ಹಳಿಯ ಮೇಲೆ ನಿಲ್ಲುವವರೂ ಇದ್ದಾರೆ. ರೈಲ್ವೆ ಕಾಯ್ದೆ 1989ರ 147ನೇ ಕಲಮಿನಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲಿದೆ. ರೈಲಿಗೆ ಆ ಕಲಮೂ ಗೊತ್ತಿಲ್ಲ.

ಕೊನೆಗೆ ನನ್ನದೊಂದು ಬೇಡಿಕೆ. ಎತ್ತಿನ ಮುಂದೆ ನಿಂತು ಮೀಸೆ ತಿರುವಿದ ಯಜಮಾನರು, "ಸಾಮಿ, ಒಂದ್ ಫೋಟೊ ಕಳಿಸ್ರಪ್ಪ" ಅಂದು ಮೊಬೈಲ್ ನಂಬರು ಹೇಳುತ್ತಾರೆ. ನಾವು ಹೂಂ ಅಂದು ಬರುತ್ತೇವೆ, ತಿದ್ದಿ ತೀಡಿ ಕಳಿಸೋಣ ಅಂತ ತಿಂಗಳು ತಳ್ಳುತ್ತೇವೆ. ಅಷ್ಟರಲ್ಲಿ ಆ ಜೋಡಿ ಮಾರಾಟವಾಗಿ ಬೇರೆ ಊರಿಗೆ ಹೋಗಿರುತ್ತದೆ, ಅವರ ಹತ್ತಿರ ಉಳಿಯಬಹುದಾದದ್ದು ನಾವು ತೆಗೆದ ಚಿತ್ರ ಒಂದೇ. ದಯವಿಟ್ಟು ಅವತ್ತು ರಾತ್ರಿಯೇ ಕಳಿಸಿಬಿಡಿ, ಸ್ವಲ್ಪ ಕೆಂಪಗಿದ್ದರೂ ಪರವಾಗಿಲ್ಲ.