ಗಾಳಿ ಉಂಡವರಿಗೆ ತಕ್ಕ ಗುಡ್ಡ

ಸೈಕಲ್ ತುಳಿಯುವುದಕ್ಕೆಂದೇ ವಿಮಾನ ಹತ್ತಿ ವಿದೇಶಕ್ಕೆ ಹೋಗುವವರನ್ನು ಕಂಡು ನಗುವುದು ಸುಲಭ. ಆದರೆ ದೇವರು ಊರ ಗುಡಿಯಲ್ಲೇ ಇದ್ದರೂ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಸೀಮೆಯವರು ನಾವು. ನಮಗೆ ಆ ಹಕ್ಕಿಲ್ಲ. ನಗಬೇಕಾದದ್ದು ಅವರ ಯೋಜನೆಯನ್ನು ನೋಡಿ. ರಜೆ ಒಂದು ವಾರ. ಪಟ್ಟಿಯಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ನಾಲ್ಕು ಗುಡ್ಡ, ಇಟಲಿಯ ರೇಸಾದ ಜಿರೋ ದ ಇಟಾಲಿಯಾದ ಎರಡು ಕಣಿವೆ, ದಾರಿಯಲ್ಲಿ ಸಿಕ್ಕರೆ ಬೆಲ್ಜಿಯಂ. ಹುಬ್ಬಳ್ಳಿಯಿಂದ ಹಾರಿ, ಬೆಂಗಳೂರಿನಲ್ಲಿ ಕಾದು, ಮತ್ತೊಂದು ದೇಶದಲ್ಲಿ ವಿಮಾನ ಬದಲಿಸಿ ಹೋಗಿ ಬರುವುದರಲ್ಲೇ ಮೂರು ದಿನ ಕರಗುತ್ತವೆ. ಉಳಿದದ್ದರಲ್ಲಿ ಈ ಪಟ್ಟಿ ಮುಗಿಸಬೇಕಾದರೆ ಗುಡ್ಡಗಳೇ ನಮ್ಮ ಕಡೆ ನಡೆದು ಬರಬೇಕು. ಆದ್ದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರಿಗೆ ನನ್ನ ವಾದ ಇಷ್ಟೇ: ಒಂದೇ ಗುಡ್ಡ ಆರಿಸಿಕೊಳ್ಳಿ, ಅದು ದಕ್ಷಿಣ ಫ್ರಾನ್ಸಿನ ಮೋಂ ವಾಂಟೂ ಆಗಿರಲಿ.

ಉಳಿದವುಗಳನ್ನು ಯಾಕೆ ಬಿಡಬೇಕೆಂದು ಹೇಳದಿದ್ದರೆ ವಾದ ನಿಲ್ಲುವುದಿಲ್ಲ. ಮೊದಲು ಪ್ಯಾರಿಸ್-ರೂಬೆ. 1896ರಿಂದ ನಡೆಯುತ್ತಿರುವ ಈ ರೇಸಿನಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಳೇ ಕಲ್ಲುಹಾಸಿನ ಮೇಲೆ ತುಳಿಯಬೇಕು. ಗೆದ್ದವನಿಗೆ ಬಹುಮಾನವಾಗಿ ಕೊಡುವುದು ಒಂದು ಕಲ್ಲು. ಡಾಂಬರು ಕಿತ್ತು ಜಲ್ಲಿ ಮೇಲೆದ್ದ ರಸ್ತೆಗಳಲ್ಲಿ ಸೊಂಟ ಹದ ಮಾಡಿಕೊಂಡ ನಮ್ಮವರು ಒಂದು ಕಲ್ಲಿಗಾಗಿ ಅಷ್ಟು ದೂರ ಹೋಗುವುದು ದುಂದು. ಇಟಲಿಯ ಸಿಯೆನಾ ಸುತ್ತ 2007ರಿಂದ ಸ್ತ್ರಾದೆ ಬಿಯಾಂಕೆ ಎಂಬ ಮಣ್ಣುರಸ್ತೆಯ ರೇಸ್ ನಡೆಯುತ್ತದೆ. ಬಿಳಿ ಮಣ್ಣು, ಧೂಳು, ಫೋಟೊ ಚೆಂದ. ಆದರೆ ಮಳೆಗಾಲದಲ್ಲಿ ಎರಿ ಹೊಲದ ದಾರಿಗೆ ಸೈಕಲ್ ಇಳಿಸಿದವರಿಗೆ ಮಣ್ಣಿನ ಬಗ್ಗೆ ಕಲಿಯುವುದು ಏನೂ ಉಳಿದಿರುವುದಿಲ್ಲ. ಮಣ್ಣು ಟಯರಿಗೆ ಮೆತ್ತಿ, ಮಡಗಾರ್ಡಿನೊಳಗೆ ಗಿಡಿದುಕೊಂಡು, ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಕಡ್ಡಿಯಿಂದ ಕೆರೆದು ಹತ್ತು ಮಾರು ಹೋಗುವುದರೊಳಗೆ ಮತ್ತೆ ಅಷ್ಟೇ ಮಣ್ಣು. ಕೊನೆಗೆ ಸೈಕಲ್ಲೇ ಸವಾರನ ಹೆಗಲೇರುತ್ತದೆ. ಇನ್ನು ಇಟಲಿಯದೇ ಆದ 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಕಣಿವೆಗೆ ಒಂದು ಕಡೆಯಿಂದ 48 ತಿರುವು. ಅಲ್ಲಿಯ ಚಳಿ ಮುಂಡರಗಿಯ ಮೈಗೆ ಹೇಳಿದ್ದಲ್ಲ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರಿನ 21 ತಿರುವುಗಳಿಗೂ ನಂಬರ್ ಬೋರ್ಡು ಹಾಕಿದ್ದಾರೆ, 1952ರಲ್ಲಿ ಮೊದಲು ಗೆದ್ದ ಫಾಸ್ಟೊ ಕಾಪ್ಪಿಯಿಂದ ಹಿಡಿದು ಗೆದ್ದವರ ಹೆಸರೂ ಇವೆ. ಎಣಿಸುತ್ತ ಹತ್ತುವವರಿಗೆ ಅದು ಸರಿ.

ಪಿರೆನೀಸ್‌ನ ಟೂರ್ಮಲೆಯನ್ನು ಬಿಡಲು ಮಾತ್ರ ಮನಸ್ಸು ಒಪ್ಪುವುದಿಲ್ಲ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರನ ಸೈಕಲ್ಲಿನ ಮುಂದಿನ ಫೋರ್ಕ್ ಅಲ್ಲಿಯ ಇಳಿಜಾರಿನಲ್ಲಿ ಮುರಿಯಿತು. ಹೊರಗಿನವರ ನೆರವು ಪಡೆಯಬಾರದೆಂಬುದು ನಿಯಮ. ಆತ ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಸಾಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ಬಡಿದು, ಜೋಡಿಸಿದ. ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ತಿದಿ ಒತ್ತಲು ಒಬ್ಬ ಹುಡುಗ ಕೈ ಹಚ್ಚಿದನೆಂದು ಆಮೇಲೆ ದಂಡದ ನಿಮಿಷಗಳನ್ನೂ ಹಾಕಿದರು. ಅಧಿಕಾರಿಗಳು ಎಲ್ಲ ದೇಶದಲ್ಲೂ ಒಂದೇ ಎಂದು ಗೊತ್ತಾದರೆ ಪರದೇಶದ ಭಯ ಅರ್ಧ ಕಡಿಮೆಯಾಗುತ್ತದೆ. ಆದರೆ ಇದೇ ಕಥೆ ನಮಗೊಂದು ಎಚ್ಚರಿಕೆಯೂ ಹೌದು. ನಮ್ಮಲ್ಲಿ ಪಂಕ್ಚರಾದರೆ ಮುಂದಿನ ಗಿಡದ ಬುಡದಲ್ಲಿ ಒಬ್ಬರಿರುತ್ತಾರೆ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದಲ್ಲಿ ಗುರುತು ಮಾಡಿ, ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಉಫ್ ಎಂದು ಊದಿ, ತೇಪೆ ಕೂರಿಸಿ ಕುಟ್ಟುತ್ತಾರೆ. ನಾವು ಅಷ್ಟರಲ್ಲಿ ಚಹಾ ಮುಗಿಸಿರುತ್ತೇವೆ. ಅಲ್ಲಿ ಗುಡ್ಡದ ನಡುವೆ ಆ ಬುಟ್ಟಿ ಇಲ್ಲ. ಪಂಕ್ಚರ್ ಹಾಕಲು ಬಾರದವರು ವೀಸಾಕ್ಕೆ ಅರ್ಜಿ ಹಾಕುವ ಮೊದಲು ಅದನ್ನು ಕಲಿಯಬೇಕು.

ಈಗ ವಾಂಟೂ. ಬೆದ್ವಾಂ ಊರಿನಿಂದ ಸುಮಾರು 21 ಕಿಲೋಮೀಟರ್ ದಾರಿ, ಅಷ್ಟರಲ್ಲಿ 1,600 ಮೀಟರಿನಷ್ಟು ಏರು. ನಡುವೆ ಕಾಡು, ಕೊನೆಯ ಆರು ಕಿಲೋಮೀಟರ್ ಬರೀ ಬಿಳಿ ಸುಣ್ಣಕಲ್ಲು, ನೆರಳಿಗೆ ಒಂದು ಗಿಡವಿಲ್ಲ. ಅದು ಹೆಸರಾಗಿರುವುದು ಗಾಳಿಗೆ. ಗಾಳಿ ಎಂದರೆ ನಮಗೆ ಹೊಸದೇ? ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಅಂದಕ್ಕಾಗಿ ನಿಲ್ಲಿಸಲಿಲ್ಲ. ಗುಡ್ಡದ ಮೇಲಿನ ಬಸವಣ್ಣನೂ ಗಾಳಿಗುಂಡಿ ಬಸವಣ್ಣ. ಆಷಾಢದಲ್ಲಿ ಗದಗದಿಂದ ಡಂಬಳದ ಮೇಲೆ ಮುಂಡರಗಿಗೆ ಹೊರಟರೆ ಬೆನ್ನ ಹಿಂದಿನ ಗಾಳಿ ಎಂಥವರನ್ನೂ ಪೈಲ್ವಾನರನ್ನಾಗಿ ಮಾಡುತ್ತದೆ. ಮರಳಿ ಬರುವಾಗ ಅದೇ ಗಾಳಿ ಎದೆಗೆ ಕೈಕೊಟ್ಟು ನೂಕುತ್ತದೆ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು. ಎದುರು ಬರುವ ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ ಎಂದು ಭೌತಶಾಸ್ತ್ರ ಹೇಳುತ್ತದೆ. ಮುಂಡರಗಿಯಿಂದ ಸೈಕಲ್ಲಿನಲ್ಲಿ ಮರಳಿದವರ ತೊಡೆ ಅದನ್ನು ಪುಸ್ತಕವಿಲ್ಲದೆಯೇ ಹೇಳುತ್ತದೆ. ಬಿಸಿಲೂ ಲೆಕ್ಕಕ್ಕಿರಲಿ. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್‌ನಲ್ಲಿ ಬ್ರಿಟಿಷ್ ಸವಾರ ಟಾಮ್ ಸಿಂಪ್ಸನ್ ವಾಂಟೂ ತುದಿ ಇನ್ನೇನು ಬಂತು ಎನ್ನುವಾಗ ಬಿದ್ದು ತೀರಿಕೊಂಡರು. ಸುಡುಬಿಸಿಲು, ದಣಿವು ಮತ್ತು ಉದ್ದೀಪನ ಮದ್ದು ಮೂರೂ ಸೇರಿದ್ದವು. ಬಿಸಿಲಿನ ಜೊತೆ ಹಟ ಮಾಡಬಾರದೆಂದು ನಮ್ಮ ರೈತರು ನಡುಮಧ್ಯಾಹ್ನ ಬೇವಿನ ನೆರಳಿಗೆ ಸರಿಯುವುದು ಸೋಮಾರಿತನದಿಂದಲ್ಲ.

ಆಕ್ಷೇಪಗಳು ಬರುತ್ತವೆ. ‘ಅಲ್ರೀ, ಕಪ್ಪತಗುಡ್ಡ ಇಲ್ಲೇ ಇರೂವಾಗ ರೊಕ್ಕ ಸುರದು ಅಲ್ಲಿತನಕ ಯಾಕ ಹೋಗಬೇಕ್ರೀ?’ ಎಂಬುದು ಮೊದಲನೆಯದು. ಹಿಮಾಲಯ ದಾಟಿ ಪ್ರತಿ ಚಳಿಗಾಲ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಶಿರಹಟ್ಟಿ ತಾಲೂಕಿನಲ್ಲಿ ಯಾರೂ ಈ ಪ್ರಶ್ನೆ ಕೇಳಿಲ್ಲ. ಅವುಗಳ ಊರಿನಲ್ಲೂ ಕೆರೆಗಳಿವೆ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಗಾಳಿ ಗೊತ್ತಿದ್ದರೆ ಸಾಕೇ, ಏರು ಗೊತ್ತಿರಬೇಡವೇ? ಒಪ್ಪಬೇಕು. ಮುಳ್ಳಯ್ಯನಗಿರಿಗಿಂತ ತುಸುವೇ ಗಿಡ್ಡದಾದ ಗುಡ್ಡವನ್ನು ಹೆಚ್ಚುಕಡಿಮೆ ಬುಡದಿಂದ ತುದಿಯವರೆಗೆ ಒಂದೇ ದಮ್ಮಿಗೆ ಹತ್ತುವ ದಾರಿ ಗದಗ ಜಿಲ್ಲೆಯಲ್ಲಿಲ್ಲ. ಆದರೆ ಅದು ರೇಸಿನವರ ಚಿಂತೆ. ರಜೆಗೆ ಹೋದವರಿಗೆ ಗಡಿಯಾರ ಹಿಡಿದು ನಿಂತವರಿಲ್ಲ. ಹಗುರ ಗೇರ್ ಹಾಕಿ ಮೂರು ತಾಸಲ್ಲ, ನಾಲ್ಕು ತಾಸು ತುಳಿಯಬಹುದು. ಮೂರನೆಯದು, ಇಷ್ಟು ಬೆವರಿ ಪುಣ್ಯವೇನು ಎಂಬ ವೇದಾಂತ. ಕವಿ ಪೆಟ್ರಾರ್ಕ್ 1336ರಲ್ಲೇ ಇದೇ ಗುಡ್ಡ ಹತ್ತಿ, ತುದಿಯಲ್ಲಿ ಸಂತ ಅಗಸ್ಟೀನನ ಪುಸ್ತಕ ತೆರೆದು, ಗುಡ್ಡ ನೋಡಿ ಮರುಳಾದೆನಲ್ಲ ಎಂದು ನಾಚಿಕೊಂಡನಂತೆ. ನಮ್ಮ ಕುಮಾರವ್ಯಾಸ ಗುಡ್ಡದ ತಂಟೆಗೇ ಹೋಗದೆ, ಗದುಗಿನ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಭಾರತ ಬರೆದನಂತೆ. ಎರಡೂ ದಾರಿ ಇವೆ. ಭಾರತ ಬರೆಯುವ ಶಕ್ತಿ ಇಲ್ಲದವರು ಗುಡ್ಡ ಹತ್ತಲಿ.

ಹೋಗುವುದು ಖಚಿತವಾದರೆ ಕೆಲವು ಮಾತು. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಅರ್ಜಿ ಹಾಕಿದ ಮೇಲೆ ಎರಡು ವಾರವಾದರೂ ಕಾಯುವ ತಾಳ್ಮೆ ಬೇಕು. ಸೈಕಲ್ ಪೆಟ್ಟಿಗೆ ಹೊತ್ತು ಒದ್ದಾಡಬೇಡಿ, ಬೆದ್ವಾಂನಲ್ಲೇ ಬಾಡಿಗೆಗೆ ಸಿಗುತ್ತದೆ. ತುದಿಯ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಬೇಸಿಗೆಯಾದರೂ ಇಳಿಯುವಾಗ ಚಳಿ ಹೊಡೆಯುತ್ತದೆ, ಜಾಕೆಟ್ ಇರಲಿ. ಶೇಂಗಾದ ಹೋಳಿಗೆ ಕೆಡುವುದಿಲ್ಲ, ನಾಲ್ಕು ಕಟ್ಟಿಸಿಕೊಳ್ಳಿ. ಗಾಳಿ ವಿಪರೀತವಾದರೆ ಹಟ ಬೇಡ, ಕಾಡು ಮುಗಿದು ಬೋಳುಗುಡ್ಡ ಶುರುವಾಗುವ ‘ಶಾಲೇ ರೆನಾರ್’ ಎಂಬ ಜಾಗದಿಂದಲೇ ತಿರುಗಿ. 2016ರ ಜುಲೈ 14ರಂದು ಗಾಳಿಗೆ ಹೆದರಿ ಟೂರ್ ದ ಫ್ರಾನ್ಸ್‌ನವರೇ ತುದಿಯನ್ನು ಕೈಬಿಟ್ಟು ಅಲ್ಲೇ ಗೆರೆ ಎಳೆದಿದ್ದರು. ಟೂರ್ ಮುಟ್ಟಿದಲ್ಲಿಯವರೆಗೆ ನಾನೂ ಮುಟ್ಟಿದೆ ಎಂದು ಊರಿಗೆ ಬಂದು ಹೇಳಿದರೆ ಅದು ಸುಳ್ಳಾಗುವುದಿಲ್ಲ.